ಕೃಷ್ಣಮೃಗ ಮೇಯುವ ಮ್ಲೇಚ್ಛದೇಶ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನನ್ನ ಡೈರಿಯ ಪ್ರಕಾರ ನಾನು ಡಲ್ಲಾಸಿನಲ್ಲಿ ಇಳಿದದ್ದು ಮಂಗಳವಾರ. ಟಿಕೆಟ್ಟಿನ ಪ್ರಕಾರ ಬುಧವಾರ. ನನ್ನನ್ನು ಕರೆದೊಯ್ಯಲು ಬಂದ ಕಾರು ಡೈರಿಯಲ್ಲಿ ಬಿಳಿ; ಫೋಟೋದಲ್ಲಿ ಕಡುನೀಲಿ. ಫೋಟೋದಲ್ಲಿ ಅದರ ಪಕ್ಕ ಹಲ್ಲು ಬಿಟ್ಟುಕೊಂಡು ನಿಂತವಳು ನಾನೇ ಆದ್ದರಿಂದ ಫೋಟೋವನ್ನೇ ನಂಬಬೇಕು. ಅಲ್ಲಿ ಇಂಗ್ಲಿಷಿನಲ್ಲಿ ಆಡಿದ ಎಷ್ಟೋ ಮಾತುಗಳನ್ನು ಕನ್ನಡದಲ್ಲಿ ಬರೆದುಕೊಂಡಿದ್ದೇನೆ. ಆಡಿದವರು ಓದಿದರೆ ತಮ್ಮದೆಂದು ಒಪ್ಪುತ್ತಾರೋ ಇಲ್ಲವೋ. ಮೈಸೂರಿನ ಕಾಲೇಜೊಂದರಲ್ಲಿ ಇಪ್ಪತ್ತೆಂಟು ವರ್ಷ ಪ್ರಾಚೀನ ಇತಿಹಾಸ ಪಾಠ ಮಾಡಿದವಳು ನಾನು. ಸಾಕ್ಷ್ಯವಿಲ್ಲದೆ ಯಾವುದನ್ನೂ ನಂಬಬೇಡಿ ಎಂದು ಹುಡುಗರಿಗೆ ಹೇಳಿ ಹೇಳಿ, ಈಗ ನನ್ನ ನೆನಪನ್ನು ನಂಬಿ ಎಂದು ನಿಮ್ಮನ್ನು ಯಾವ ಮುಖದಿಂದ ಕೇಳಲಿ?

ಅದರಲ್ಲೂ ಒಂದು ಸಾಲಿನ ವಿಷಯದಲ್ಲಿ ಈ ನೆನಪು ನಲವತ್ತೇಳು ವರ್ಷದಿಂದ ನನಗೆ ಕೈಕೊಡುತ್ತಿದೆ.

ನನ್ನ ಸೋದರತ್ತೆ ಜಾನಕಿ ಡಾಕ್ಟರು. ಹೆಚ್ಚಿನ ಓದಿಗೆಂದು ಹ್ಯೂಸ್ಟನ್ನಿಗೆ ಹೋದವರು ಅಲ್ಲಿಯೇ ಡೇಲ್ ಎಂಬ ಟೆಕ್ಸಾಸಿನವರನ್ನು ಮದುವೆಯಾದರು. ಸುದ್ದಿ ಬಂದ ದಿನ ಅಜ್ಜ ಪರದೇಶಕ್ಕೆ ಕಾಗದ ಬರೆಯುವ ನೀಲಿ ಏರೋಗ್ರಾಮೊಂದನ್ನು ಮೇಜಿನ ಮೇಲಿಟ್ಟು ನನ್ನನ್ನು ಕರೆದರು. ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಹತ್ತು ವರ್ಷದ ನನ್ನ ಅಕ್ಷರ ಮುತ್ತಿನ ಹಾಗಿತ್ತು. ಅವರು ಹೇಳಿದರು, ನಾನು ಬರೆದೆ. ಕೃಷ್ಣಮೃಗ ಸಹಜವಾಗಿ ಓಡಾಡುವ ನಾಡಷ್ಟೇ ಯಜ್ಞಕ್ಕೆ ಯೋಗ್ಯವೆಂದು ಶಾಸ್ತ್ರ ಹೇಳುತ್ತದೆ, ಅದರಾಚೆಯದೆಲ್ಲ ಮ್ಲೇಚ್ಛದೇಶ, ನೀನು ಅಲ್ಲಿಗೆ ಹೋದದ್ದು ಸಾಲದೆಂದು ಮ್ಲೇಚ್ಛನನ್ನೇ ಕಟ್ಟಿಕೊಂಡೆ. ಇಲ್ಲಿಯವರೆಗೆ ಅಜ್ಜನ ದನಿ ಈಗಲೂ ಕಿವಿಯಲ್ಲಿದೆ. ಆದರೆ ಕಾಗದದ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ‘ಇನ್ನು ಈ ಮನೆಗೆ ಬರುವುದು ಬೇಡ.’ ಅದನ್ನು ಬರೆದ ನೆನಪು ಕೈಗಿದೆ, ಕೇಳಿದ ನೆನಪು ಕಿವಿಗಿಲ್ಲ. ಅಜ್ಜ ಸಂಧ್ಯಾವಂದನೆಗೆಂದು ಎದ್ದು ಹೋದಾಗ ನಾನೇ ಸೇರಿಸಿದೆನೇ? ನನಗೆ ಸಿಟ್ಟಂತೂ ಇತ್ತು. ದಸರೆಗೆ ಬಂದು ನಿನ್ನ ಜೊತೆ ಗೊಂಬೆ ಕೂರಿಸುತ್ತೇನೆ ಎಂದು ಅತ್ತೆ ಮಾತು ಕೊಟ್ಟಿದ್ದರು. ಎರಡು ದಸರೆ ಕಳೆದರೂ ಬಂದಿರಲಿಲ್ಲ.

ಅತ್ತೆ ಆಮೇಲೆ ಬರಲೇ ಇಲ್ಲ. ಕಾಗದವನ್ನೂ ಬರೆಯಲಿಲ್ಲ. ಅಜ್ಜ ಹೋದಾಗಲೂ ಬರಲಿಲ್ಲ, ಅವರ ಅಣ್ಣ, ಅಂದರೆ ನನ್ನ ಅಪ್ಪ, ಹೋದಾಗಲೂ ಇಲ್ಲ.

ಡಲ್ಲಾಸಿನ ಕನ್ನಡ ಸಂಘದವರು ಉಪನ್ಯಾಸಕ್ಕೆ ಕರೆದಾಗ ನಾನು ಕೊಟ್ಟ ವಿಷಯ, ‘ಹೊರಗಿನವರನ್ನು ಪ್ರಾಚೀನರು ಕಂಡ ಬಗೆ’. ಒಪ್ಪಿಕೊಂಡ ನಿಜವಾದ ಕಾರಣ, ಡಲ್ಲಾಸಿನಿಂದ ಅತ್ತೆಯ ಮನೆಗೆ ಕಾರಿನಲ್ಲಿ ಹೋಗಬಹುದು ಎಂಬುದು. ನಂಬರು ಹುಡುಕಿ, ಮೂರು ಸಲ ಡಯಲ್ ಮಾಡಿ ಮೂರು ಸಲ ಕಟ್ ಮಾಡಿ, ನಾಲ್ಕನೆಯ ಸಲ ಮಾತಾಡಿದೆ. ನನ್ನ ಹೆಸರು ಹೇಳಿದೆ. ಅತ್ತೆ, “ಶನಿವಾರ ಬಾ. ಹನ್ನೆರಡೂವರೆಗೆ ಊಟ. ತಡ ಮಾಡಬೇಡ” ಎಂದು ಫೋನಿಟ್ಟರು.

ಡಲ್ಲಾಸ್: ಕಾಲಿದ್ದವರು

ಡಲ್ಲಾಸಿನಲ್ಲಿ ನಾನು ಉಳಿದದ್ದು ಸುನಂದಾ ದೇಸಾಯಿಯವರ ಮನೆಯಲ್ಲಿ. ಧಾರವಾಡದವರು, ಹಲ್ಲಿನ ಡಾಕ್ಟರು, ಸಂಘದ ಕಾರ್ಯದರ್ಶಿ. ನಾನು ಬಾಯಿ ತೆರೆದಾಗಲೆಲ್ಲ ಅವರ ಕಣ್ಣು ನನ್ನ ಹಿಂದಿನ ದವಡೆಗೆ ಹೋಗುತ್ತಿದ್ದುದರಿಂದ ಮೊದಲ ದಿನ ಸ್ವಲ್ಪ ಕಡಿಮೆಯೇ ಮಾತಾಡಿದೆ.

ಮರುದಿನ ಬೆಳಗ್ಗೆ ಸೀರೆಯ ಮೇಲೆ ಸ್ವೆಟರ್ ಹಾಕಿ, ಕ್ಯಾನ್ವಾಸ್ ಶೂ ಕಟ್ಟಿಕೊಂಡು ವಾಕಿಂಗ್ ಹೊರಟೆ. ಉದ್ದಕ್ಕೂ ಒಂದೇ ಥರದ ಇಟ್ಟಿಗೆ ಮನೆಗಳು, ಕ್ಷೌರ ಮಾಡಿಸಿಕೊಂಡ ಹುಲ್ಲು. ಮನುಷ್ಯರಿಲ್ಲ. ಮೈಸೂರಿನಲ್ಲಿ ಆ ಹೊತ್ತಿಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕನಿಷ್ಠ ಮೂರು ಜನ ನಿವೃತ್ತ ಪ್ರೊಫೆಸರುಗಳ ಜೊತೆ ಜಗಳವಾಡಿ ಮುಗಿಸಿರುತ್ತಿದ್ದೆ. ಇಲ್ಲಿ ಐದು ನಿಮಿಷಕ್ಕೆ ಒಂದು ಕಾರು ನಿಂತಿತು. ದಾರಿ ತಪ್ಪಿದೆಯೇ ಎಂದು ಒಬ್ಬ ಕೇಳಿದ. ಇಲ್ಲ ಎಂದೆ. ಎರಡನೆಯ ಕಾರಿನವರು ಒಂದು ಬಾಟಲಿ ನೀರು ಕೊಟ್ಟು ಹೋದರು. ಮೂರನೆಯದರಲ್ಲಿ ಒಬ್ಬ ಅಜ್ಜಿ, ಹಿಂದಿನ ಸೀಟಿನಲ್ಲಿ ಕರುವಿನಷ್ಟು ದೊಡ್ಡ ನಾಯಿ. ಎಲ್ಲಿಗೆ ಬಿಡಲಿ ಎಂದು ಅಜ್ಜಿ. ನಾಯಿ ಆಗಲೇ ಸರಿದು ನನಗೆ ಜಾಗ ಮಾಡಿಕೊಟ್ಟಿತ್ತು. ಅಷ್ಟು ಮರ್ಯಾದೆ ತೋರಿದ ಪ್ರಾಣಿಗೆ ಇಲ್ಲವೆನ್ನುವುದು ಹೇಗೆ? ಹತ್ತಿ ಕುಳಿತೆ. ಮನೆ ಇನ್ನೂರು ಹೆಜ್ಜೆ ದೂರದಲ್ಲಿತ್ತು.

ಬಾಗಿಲಲ್ಲಿ ಕಾಯುತ್ತಿದ್ದ ಸುನಂದಾ ಹೊಟ್ಟೆ ಹಿಡಿದುಕೊಂಡು ನಕ್ಕರು. “ಏನ್ರಿ ಮೇಡಂ, ನಡದು ಹೋಗಿದ್ರೇನು? ಇಲ್ಲೆ ನಡ್ಯಾವ್ರ ಕಡೆ ಒಂದು ನಾಯಿ ಇರಬೇಕ್ರಿ, ಇಲ್ಲಾ ಅವರ ಕಾರ್ ಕೆಟ್ಟಿರಬೇಕು. ಎರಡೂ ಇಲ್ಲಂದ್ರ ಮಂದಿ ಗಾಬರಿ ಆಗ್ತಾರ.”

ಊರು ಕಟ್ಟಿ ಕುಳಿತ ಪ್ರಾಚೀನರಿಗೆ ಗಾಡಿಯಲ್ಲೇ ಸಂಸಾರ ಹೂಡಿ ಅಲೆಯುವ ಅಲೆಮಾರಿಗಳನ್ನು ಕಂಡರೆ ಅಸಹ್ಯ. ಇಲ್ಲಿ ಗಾಡಿಯಿಂದ ಇಳಿದವಳೇ ಕಾಡಿನವಳು. ಸಂಜೆಯ ಭಾಷಣಕ್ಕೆ ಒಳ್ಳೆಯ ಆರಂಭ ಸಿಕ್ಕಿತೆಂದು ಖುಷಿಯಾಯಿತು.

ಸಭಾಂಗಣದಲ್ಲಿ ಅರವತ್ತು ಜನರಿದ್ದಿರಬಹುದು. (ಡೈರಿಯಲ್ಲಿ ‘ನೂರಕ್ಕೂ ಹೆಚ್ಚು’ ಎಂದಿದೆ. ಅಂದು ರಾತ್ರಿ ಬರೆದದ್ದು, ಬಿಟ್ಟುಬಿಡಿ.) ಈಜಿಪ್ಟಿನ ರಾಜರ ಚಪ್ಪಲಿಯ ಕಥೆ ಹೇಳಿದೆ: ಅಟ್ಟೆಯ ಮೇಲೆ ಪರದೇಶದವರ ಚಿತ್ರ ಬರೆಸಿಕೊಳ್ಳುತ್ತಿದ್ದರು, ರಾಜ ಬಚ್ಚಲಿಗೆ ಹೋದರೂ ಶತ್ರುಗಳನ್ನು ತುಳಿದುಕೊಂಡೇ ಹೋದ ಹಾಗಾಗುತ್ತಿತ್ತು. ಚೀನಾದವರು ನಾಲ್ಕು ದಿಕ್ಕಿನ ಅನಾಗರಿಕರಿಗೆ ನಾಲ್ಕು ಹೆಸರಿಟ್ಟಿದ್ದರು. ಯಾವ ದಿಕ್ಕಿಗೂ ಅನ್ಯಾಯವಾಗಬಾರದು. ಬೆಣ್ಣೆ ತಿನ್ನುವವರನ್ನು ಕಂಡರೆ ಎಣ್ಣೆಯ ಗ್ರೀಕರಿಗೆ ನಗು. ಪ್ಯಾಂಟು ಹಾಕುವವರನ್ನು ಕಂಡರೆ ರೋಮನ್ನರಿಗೆ ನಗು. ಇಷ್ಟು ಹೇಳುವಾಗ ಸಭಾಂಗಣದ ಗಂಡಸರೆಲ್ಲ ತಮ್ಮ ತಮ್ಮ ಪ್ಯಾಂಟು ನೋಡಿಕೊಂಡರು. ಹಿಂದಿನಿಂದ ಬಿಸಿಬೇಳೆಭಾತಿನ ತುಪ್ಪದ ಪರಿಮಳ ಬರುತ್ತಿತ್ತು. ಗ್ರೀಕರೂ ರೋಮನ್ನರೂ ಕೂಡಿ ಪರೀಕ್ಷೆ ಮಾಡಿದ್ದರೆ ನಮ್ಮಲ್ಲಿ ಒಬ್ಬರೂ ಪಾಸಾಗುತ್ತಿರಲಿಲ್ಲ.

ಪ್ರಶ್ನೋತ್ತರ ಶುರುವಾದದ್ದೇ ತಡ, ಮೈಸೂರಿನ ಹಿರಿಯರೊಬ್ಬರು ಎದ್ದರು. ಎಲ್ಲರೂ ಅವರನ್ನು ರಾಮು ಅಂಕಲ್ ಅನ್ನುತ್ತಿದ್ದರು.

“ಮೇಡಂ, ಚುರುಮುರಿನ ನೀರಲ್ಲಿ ನೆನೆಸಿ, ಹಿಂಡಿ, ಒಗ್ಗರಣೆ ಹಾಕಿ ಅದನ್ನ ತಿಂಡಿ ಅಂತ ಬಡಿಸ್ತಾರಲ್ಲ, ಅಂಥೋರನ್ನ ಗ್ರೀಕರು ಏನಂತ ಕರೀತಿದ್ರು?”

ಸುನಂದಾ ನನ್ನ ಕೈಯಿಂದ ಮೈಕು ಕಿತ್ತುಕೊಂಡರು. “ನಮ್ಮ ಸುಸಲಾಕ್ಕ ಅಂತೀರೇನ್ರಿ ಅಂಕಲ್? ಮೂರೂ ಹೊತ್ತು ಅನ್ನಾ ಉಂಡು ಮಕ್ಕೊಳ್ಳಾವ್ರಿಗೆ ಏನಂತಿದ್ರು, ಅದನ್ನೂ ಕೇಳ್ರಿ. ಸಾರಿಗೂ ಬೆಲ್ಲ, ಪಲ್ಯಾಕ್ಕೂ ಬೆಲ್ಲ, ಮಾತಿಗೂ ಬೆಲ್ಲ! ರೊಟ್ಟಿ ಬಡಿಯಾಕ ರಟ್ಟ್ಯಾಗ ಕಸುವು ಬೇಕ್ರಿ.”

ಚಪ್ಪಾಳೆ, ಸಿಳ್ಳೆ. ಉಡುಪಿಯ ಕಡೆಯವರು ಒಂದು ಮೂಲೆಯಲ್ಲಿ ನಿಂತು ಎರಡೂ ಪಕ್ಷಗಳನ್ನು ಕರುಣೆಯಿಂದ ನೋಡುತ್ತಿದ್ದರು. ಸುನಂದಾರ ಮಗಳು ಅಮ್ಮನ ಸೆರಗು ಜಗ್ಗಿದಳು. “ಮಾಮ್, ಸೋ ಹೂ ಈಸ್ ದ ಬಾರ್ಬೇರಿಯನ್ ಹಿಯರ್?”

“ಗಪ್ಪ ಕೂಡ್ರು. ಮನಿಗೆ ಹೋಗಿ ಹೇಳ್ತೀನಿ.”

ಆ ಗಲಾಟೆಯ ನಡುವೆ ಹಿಂದಿನ ಸಾಲಿನ ಹೆಣ್ಣುಮಗಳೊಬ್ಬಳು ಮೆಲ್ಲಗೆ ಕೇಳಿದಳು: “ಮೇಡಂ, ನಿಮ್ಮ ಮನೇಲಿ ಯಾವತ್ತಾದ್ರೂ ಯಾರನ್ನಾದ್ರೂ ಹಾಗೆ ಕರೆದಿದ್ರಾ?” ಊಟ ಆರುತ್ತಿದೆ ಎಂದು ಹೇಳಿ ವೇದಿಕೆಯಿಂದ ಇಳಿದುಬಿಟ್ಟೆ.

ಹೊರಡುವಾಗ ಸುನಂದಾ ಡಬ್ಬಿ ತುಂಬ ಶೇಂಗಾ ಹೋಳಿಗೆ ಕಟ್ಟಿಕೊಟ್ಟು, ಕಿವಿಮಾತನ್ನೂ ಕಟ್ಟಿಕೊಟ್ಟರು. “ಹುಷಾರ್ ನೋಡ್ರಿ. ಆಸ್ಟಿನ್‌ದಾಗ ಬರೀ ಉಡಾಳರು. ಹ್ಯೂಸ್ಟನ್‌ದಾಗ ಸೆಕಿ, ಸೊಳ್ಳಿ, ಮತ್ತ ಹುಚ್ಚರಂಗ ಡ್ರೈವ್ ಮಾಡೋ ಮಂದಿ. ಟೆಕ್ಸಾಸಿನಾಗ ಮನುಷ್ಯಾರು ಇರೂದು ಡಲ್ಲಾಸಿನಾಗ ಅಷ್ಟ.”

ಜಾರ್ಜ್‌ಟೌನಿನ ಆಚೆ: ಬೇಲಿಯೊಳಗೆ

ಅಲ್ಲಿಂದ ಮುಂದಕ್ಕೆ ನನ್ನ ಸಾರಥಿ ನಿಖತ್. ಮೈಸೂರಿನಲ್ಲಿ ಬಿಎ ಓದುವಾಗ ಮೊದಲ ಬೆಂಚಿನಲ್ಲಿ ಕೂತು ನನ್ನ ತಪ್ಪುಗಳನ್ನು ಪಟ್ಟಿ ಮಾಡುತ್ತಿದ್ದವಳು. ಈಗ ಆಸ್ಟಿನ್ನಿನಲ್ಲಿ ಮೆಸೊಪೊಟೇಮಿಯಾದ ಮಣ್ಣಿನ ಹಲಗೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ನನ್ನ ಕಾಗದದ ಕಥೆಯನ್ನು ನಾನು ಹೇಳಿರುವುದು ಅವಳೊಬ್ಬಳಿಗೇ.

“ಮ್ಯಾಮ್, ಡಲ್ಲಾಸ್‌ನವರು ಏನಂದ್ರು ನಮ್ಮ ಬಗ್ಗೆ?”

“ಉಡಾಳರು ಅಂದ್ರು.”

“ಅವರಿಗೆ ಹೇರ್ ಸ್ಪ್ರೇ ಬಿಟ್ರೆ ಬೇರೆ ಕಲ್ಚರ್ ಇಲ್ಲ, ಬಿಡಿ.”

ಜಾರ್ಜ್‌ಟೌನ್ ಬರುವ ಹೊತ್ತಿಗೆ ರಸ್ತೆ ರಿಪೇರಿಗಾಗಿ ಹೆದ್ದಾರಿಯಲ್ಲಿ ಕಾರುಗಳು ಸಾಲುಗಟ್ಟಿದ್ದವು. ನಿಖತ್ ಪಶ್ಚಿಮಕ್ಕೆ ತಿರುಗಿಸಿ ಹಳ್ಳಿದಾರಿ ಹಿಡಿದಳು. ಇನ್ನೂ ಬಣ್ಣ ಒಣಗದ ಮನೆಗಳ ಸಾಲು ಮುಗಿದದ್ದೇ ಬೆಟ್ಟಗುಡ್ಡ, ಕುಳ್ಳ ಮರ, ರಸ್ತೆಯಂಚಿಗೆ ನೀಲಿ ಹೂವು, ಮೈಲಿಗಟ್ಟಲೆ ಎತ್ತರದ ತಂತಿಬೇಲಿ. ನನಗೆ ಜೊಂಪು ಹತ್ತಿತ್ತು. ಕಣ್ಣು ಬಿಟ್ಟಾಗ ಬೇಲಿಯ ಆಚೆ, ಹುಲ್ಲಿನಲ್ಲಿ, ಕಪ್ಪು ಬೆನ್ನು, ಬಿಳಿ ಹೊಟ್ಟೆ, ತಿರುಪಿನ ಹಾಗೆ ಸುತ್ತಿಕೊಂಡ ಎರಡು ಕೊಂಬು.

“ನಿಲ್ಲಿಸೇ! ಕೃಷ್ಣಮೃಗ!”

ನಾನು ಕಿರುಚಿದ ರಭಸಕ್ಕೆ ನಿಖತ್ ಬ್ರೇಕು ಒತ್ತಿ, ಹೋಳಿಗೆ ಡಬ್ಬಿ ನನ್ನ ಮಡಿಲಿಂದ ಹಾರಿತು. ಒಂದಲ್ಲ, ಹನ್ನೆರಡೋ ಹದಿನಾಲ್ಕೋ ಇದ್ದವು. ರಾಣೆಬೆನ್ನೂರಿನ ಅಭಯಾರಣ್ಯಕ್ಕೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಇಡೀ ದಿನ ಬಿಸಿಲಲ್ಲಿ ಕಾದು ಒಂದರ ಬಾಲವನ್ನಷ್ಟೇ ನೋಡಿ ಬಂದವಳು ನಾನು. ಇಲ್ಲಿ ಎಮ್ಮೆಗಳಷ್ಟು ನಿಶ್ಚಿಂತೆಯಿಂದ ಮೇಯುತ್ತಿವೆ! ಕಾರಿನಿಂದ ಇಳಿದು ಬೇಲಿಗೆ ಅಂಟಿಕೊಂಡು ನಿಂತೆ. ನಗು ತಡೆಯಲಾಗಲಿಲ್ಲ. ಅಜ್ಜನ ಶಾಸ್ತ್ರದ ಲೆಕ್ಕದಲ್ಲಿ ನಾನು ನಿಂತದ್ದು ಯಜ್ಞಕ್ಕೆ ಯೋಗ್ಯವಾದ ಪುಣ್ಯಭೂಮಿ. ಕೃಷ್ಣಮೃಗ ಇಲ್ಲದ ನಮ್ಮ ಮೈಸೂರಿನ ಸರಸ್ವತಿಪುರವೇ ಮ್ಲೇಚ್ಛದೇಶ.

“ಸಹಜವಾಗಿ ಓಡಾಡಬೇಕು ಅಂತ ಇದೆಯಲ್ಲ ಮ್ಯಾಮ್,” ಎಂದಳು ನಿಖತ್ ಕಾರಿನಿಂದಲೇ. “ಇವು ಇಂಪೋರ್ಟ್ ಆಗಿರೋದು. ಬೇಟೆಗೆ ಅಂತ ಯಾವುದೋ ಕಾಲದಲ್ಲಿ ತಂದು ಬಿಟ್ಟಿದ್ದು.”

“ನೀನೂ ಇಂಪೋರ್ಟ್ ಆಗಿರೋಳೇ. ಸಹಜವಾಗಿ ಓಡಾಡ್ತಿಲ್ವಾ?”

ಇನ್ನೂ ಏನೋ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಕಾಲಿಗೆ ಬೆಂಕಿ ಹತ್ತಿತು. ಫೋಟೋ ತೆಗೆಯುವ ಭರದಲ್ಲಿ ಶೂ ಬಿಟ್ಟು, ಕಾರಿನಲ್ಲಿ ಹಾಕಿಕೊಂಡಿದ್ದ ಹವಾಯಿ ಚಪ್ಪಲಿಯಲ್ಲೇ ಇಳಿದಿದ್ದೆ. ನಿಂತದ್ದು ಬೆಂಕಿ ಇರುವೆಗಳ ಗೂಡಿನ ಮೇಲೆ. ಎರಡೂ ಪಾದಗಳ ಮೇಲೆ ಕೆಂಪಗೆ ಮುತ್ತಿಕೊಂಡಿದ್ದವು. ಆಮೇಲೆ ನಡೆದದ್ದನ್ನು ನಿಖತ್ ‘ಭರತನಾಟ್ಯ’ ಎನ್ನುತ್ತಾಳೆ. ನನಗೆ ಹಾಗೆ ನೆನಪಿಲ್ಲ. ಕೃಷ್ಣಮೃಗಗಳು ತಲೆಯೆತ್ತಿ ನೋಡಿದ್ದಂತೂ ನೆನಪಿದೆ.

ಧೂಳೆಬ್ಬಿಸಿಕೊಂಡು ಒಂದು ಟ್ರಕ್ಕು ಬಂತು. ಅಗಲ ಹ್ಯಾಟು ಹಾಕಿದ, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಹೆಂಗಸು ಇಳಿದಳು. ಬೇಲಿಯ ಒಡತಿ. ಬೈಯುತ್ತಾಳೆಂದುಕೊಂಡರೆ ಏನೂ ಕೇಳದೆ ನನ್ನನ್ನು ಟ್ರಕ್ಕಿನ ಹಿಂಬದಿಯ ಹಲಗೆಯ ಮೇಲೆ ಕೂರಿಸಿ, ಒಂದು ಬಾಟಲಿ ವಿನೆಗರ್ ತಂದು ಕಾಲಿನ ಮೇಲೆ ಸುರಿದಳು. ಘಮ್ಮೆಂದು ಉಪ್ಪಿನಕಾಯಿಯಾದೆ. ಯಾವ ದೇಶ ಎಂದಳು. ಹೇಳಿದೆ.

“ಓಹೋ, ನೀನೂ ಇವೂ ಒಂದೇ ಊರಿನವರು!” ಎಂದು ಜಿಂಕೆಗಳತ್ತ ಕೈ ತೋರಿಸಿದಳು. “ನಿನ್ನ ಕಚ್ಚಿದವು ದಕ್ಷಿಣ ಅಮೆರಿಕದವು. ನಮ್ಮ ಮುತ್ತಜ್ಜ ಜರ್ಮನಿಯವನು. ಇಲ್ಲಿ ಹುಟ್ಟಿ ಇಲ್ಲೇ ಬೆಳೆದದ್ದು ಈ ಮುಳ್ಳು ಒಂದೇ, ಚಿನ್ನ.” ಬೇಲಿಯ ಬುಡದ ಪಾಪಾಸುಕಳ್ಳಿಯನ್ನು ಬೂಟಿನಿಂದ ತಟ್ಟಿದಳು. ಶೇಂಗಾ ಹೋಳಿಗೆ ಕೊಟ್ಟೆವು. ನಿಂತಲ್ಲೇ ಮೂರು ತಿಂದು, ನಾಲ್ಕನೆಯದನ್ನು ಶರ್ಟಿನ ಜೇಬಿಗೆ ಹಾಕಿಕೊಂಡು ಹೋದಳು.

ಆಸ್ಟಿನ್: ಬೈಸಿಕೊಂಡವರು

ಮರುದಿನ ಬೆಳಗ್ಗೆ ನಿಖತ್‌ಳ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನನ್ನ ಪಾದಗಳು ಪೂರಿಯ ಹಾಗೆ ಉಬ್ಬಿದ್ದವು. ಮೇಲೆಲ್ಲ ಸಾಬುದಾಣೆಯಂಥ ಬಿಳಿ ಗುಳ್ಳೆ. ನನಗೆ ಒಳಗೊಳಗೇ ಸಮಾಧಾನ. ಈ ಕಾಲಿನಲ್ಲಿ ಎಲ್ಲಿಗೂ ಹೋಗುವುದಾಗುವುದಿಲ್ಲ, ಅತ್ತೆಗೆ ಫೋನ್ ಮಾಡಿ ಇನ್ನೊಮ್ಮೆ ಬರುತ್ತೇನೆ ಎನ್ನೋಣ ಎಂದೆ.

ನಿಖತ್ ಕಾಫಿ ತಂದುಕೊಟ್ಟಳು. ಆಮೇಲೆ ತನ್ನ ಹಲಗೆಗಳ ವಿಷಯ ತೆಗೆದಳು. ಸುಮೇರಿನ ನಗರದವರು ಗಡಿಯಾಚೆಯ ಒಂದು ಬುಡಕಟ್ಟಿನ ಬಗ್ಗೆ ಬರೆಯುತ್ತಾರಂತೆ: ಅವರಿಗೆ ಧಾನ್ಯ ಗೊತ್ತಿಲ್ಲ, ಮನೆ ಗೊತ್ತಿಲ್ಲ, ಹಸಿ ಮಾಂಸ ತಿನ್ನುತ್ತಾರೆ. ಕೆಲವು ತಲೆಮಾರು ಕಳೆದ ಮೇಲೆ ಅದೇ ಬುಡಕಟ್ಟಿನ ವಂಶದವರು ಬಾಬಿಲೋನಿನಲ್ಲಿ ರಾಜರಾಗಿ ಕೂತರು, ಲಿಪಿಕಾರರು ಅವರನ್ನೇ ಹೊಗಳಿ ಬರೆದರು.

“ಬೈದಿದ್ದು ನನ್ನ ಹತ್ರ ಬೇಕಾದಷ್ಟಿದೆ ಮ್ಯಾಮ್. ಹಾಗೆ ಬೈಸಿಕೊಂಡ ದಿನ ಅವರಿಗೆ ಏನನ್ನಿಸ್ತು ಅಂತ ಒಂದೂ ಹಲಗೆ ಇಲ್ಲ. ಐದು ವರ್ಷದಿಂದ ಹುಡುಕ್ತಿದೀನಿ.” ಲೋಟ ಕೆಳಗಿಟ್ಟಳು. “ನಿಮಗೆ ಹಾಗಲ್ಲ. ನಿಮ್ಮೋರು ಜೀವಂತ ಇದ್ದಾರೆ. ಹನ್ನೆರಡೂವರೆಗೆ ಊಟ ಅಂತ ಬೇರೆ ಹೇಳಿದ್ದಾರೆ.”

“ಕಾಲು ನೋಡೇ ಹೇಗಾಗಿದೆ.”

“ಇಂಟರ್ನಲ್ಸ್‌ಗೆ ಹತ್ತು ನಿಮಿಷ ಲೇಟಾಗಿ ಬಂದ್ರೆ ನೀವು ನಮ್ಮನ್ನ ಒಳಗೆ ಬಿಡ್ತಿರಲಿಲ್ಲ. ಈಗ ನೀವು ನಲವತ್ತೇಳು ವರ್ಷ ಲೇಟು. ಅವರು ಬಿಡ್ತೀನಿ ಅಂತಿದ್ದಾರೆ. ಏಳಿ, ಸ್ನಾನ ಮಾಡಿ.”

ಆಸ್ಟಿನ್ನಿನಲ್ಲಿ ನೋಡಬೇಕಾದದ್ದು ಬಹಳ ಇದೆಯಂತೆ. ನಾನು ನೋಡಿದ್ದು ನಿಖತ್‌ಳ ಬಚ್ಚಲುಮನೆ ಮತ್ತು ನನ್ನ ಪಾದ.

ಹ್ಯೂಸ್ಟನ್: ಅತ್ತೆಯ ಮನೆ

ಹ್ಯೂಸ್ಟನ್ನಿನ ದಕ್ಷಿಣದಂಚಿಗೆ, ಅತ್ತೆ ಇರುವ ಪೇರ್‌ಲ್ಯಾಂಡ್ ಮುಟ್ಟಿದಾಗ ಹನ್ನೆರಡೂ ಇಪ್ಪತ್ತು. ದಾರಿಯಲ್ಲಿ ಮೀನಾಕ್ಷಿ ದೇವಸ್ಥಾನದ ಗೋಪುರ ಕಂಡು ಕೈ ಮುಗಿದೆ. ಬೇಡಿಕೊಂಡದ್ದೇನೆಂದು ನೆನಪಿಲ್ಲ, ಬಹುಶಃ ಅತ್ತೆ ಮನೆಯಲ್ಲಿ ಇಲ್ಲದಿರಲಿ ಎಂದೇ ಇರಬೇಕು.

ಬಾಗಿಲು ತೆರೆದದ್ದು ಆರಡಿ ಮೇಲಿದ್ದ, ಬೆನ್ನು ಸ್ವಲ್ಪ ಬಾಗಿದ ಬಿಳಿ ಮೀಸೆಯ ಅಜ್ಜ. ಡೇಲ್ ಮಾವ. ನಲವತ್ತೇಳು ವರ್ಷದಿಂದ ನನಗೆ ಆ ಕಾಗದದ ಒಂದು ಶಬ್ದ ಮಾತ್ರವಾಗಿದ್ದ ಮನುಷ್ಯ.

“ನಮಸ್ಕಾರ,” ಎಂದರು ಕೈ ಮುಗಿದು. ಆಮೇಲೆ ಅಷ್ಟೇ ಗಂಭೀರವಾಗಿ, ಕನ್ನಡದಲ್ಲಿ: “ಸ್ನಾನ ಆಯ್ತಾ?”

ಆಯಿತು ಎಂದೆ, ಕಕ್ಕಾಬಿಕ್ಕಿಯಾಗಿ. ಹಾಗಾದರೆ ನೀವಿಬ್ಬರೂ ಅಡುಗೆಮನೆಗೆ ಹೋಗಬಹುದು, ನನ್ನದು ಇನ್ನೂ ಆಗಿಲ್ಲ ಎಂದು ಇಂಗ್ಲಿಷಿನಲ್ಲಿ ವಿವರಿಸಿ ಅವರು ಅಡುಗೆಮನೆಯ ಹೊಸ್ತಿಲ ಈಚೆಗೇ ನಿಂತರು. ಮದುವೆಯಾದ ಮೊದಲ ವಾರ ಅತ್ತೆ, ನಮ್ಮಲ್ಲಿ ಗಂಡಸರು ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡುವುದಿಲ್ಲ ಎಂದು ತಮಾಷೆಗೆ ಹೇಳಿದ್ದರಂತೆ. ತಮಾಷೆಯೆಂದು ಹೇಳಲು ಮರೆತರಂತೆ. ಮಾವ ಇವತ್ತಿನವರೆಗೂ ಬೆಳಗಿನ ಕಾಫಿಯನ್ನು ಹೊಸ್ತಿಲಲ್ಲಿ ಕೈ ಚಾಚಿ ಇಸಿದುಕೊಳ್ಳುತ್ತಾರೆ. ಊರಿನ ಇನ್ನೊಂದು ತುದಿಯ ಎನರ್ಜಿ ಕಾರಿಡಾರ್ ಎಂಬಲ್ಲಿನ ಎಣ್ಣೆ ಕಂಪನಿಯೊಂದರಲ್ಲಿ ಭೂವಿಜ್ಞಾನಿಯಾಗಿದ್ದವರು. ದಿನಾ ಇಡೀ ಹ್ಯೂಸ್ಟನ್ ದಾಟಿ ಹೋಗಿ ನೆಲದ ಕೆಳಗೆ ಏನಿದೆಯೆಂದು ಹೇಳುತ್ತಿದ್ದವರಿಗೆ ತಮ್ಮ ಮನೆಯ ಒಲೆಯ ಮೇಲೆ ಊಟಕ್ಕೆ ಮುಂಚೆ ಏನಿರುತ್ತದೆಂದು ಗೊತ್ತಿಲ್ಲ.

ಅತ್ತೆ ಒಳಗಿನಿಂದ ಬಂದರು. ಕುಳ್ಳಗಾಗಿದ್ದರು. ಅಥವಾ ಹತ್ತು ವರ್ಷದವಳ ಕಣ್ಣಿಗೆ ಎತ್ತರವಾಗಿ ಕಂಡಿದ್ದರೋ ಏನೋ. ನಾನು ಏನೆಲ್ಲ ಹೇಳಬೇಕೆಂದು ಮೂರು ನಗರಗಳ ಉದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆ. ಅವರು ನನ್ನ ಮುಖ ನೋಡಲೇ ಇಲ್ಲ.

“ಇದೇನೇ ಸುಮಿ, ಕಾಲು?”

“ಇರುವೆ, ಅತ್ತೆ. ನೀವು ಹೇಗಿದ್ದೀರಿ?”

“ಚೆನ್ನಾಗಿದೀನಿ. ನೀವು ಗೀವು ಅಂದ್ರೆ ಅನ್ನ ಹಾಕಲ್ಲ. ಒಡೆದಿದೀಯಾ ಗುಳ್ಳೆನ? ಒಡೀಬೇಡ. ಮೊದಲು ಊಟ ಮಾಡು, ಆಮೇಲೆ ನೋಡ್ತೀನಿ.” ನಿಖತ್ ಕಡೆ ತಿರುಗಿದರು. “ನೀನು ಯಾವ ಬೀದಿಯವಳಮ್ಮ?”

“ಮಂಡಿ ಮೊಹಲ್ಲಾ, ಆಂಟಿ.”

“ಅಯ್ಯೋ, ಬಾ ಒಳಗೆ!” ಎಂದು ಅವಳ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಮಂಡಿ ಮೊಹಲ್ಲಾದ ಯಾವ ತಿರುವಿನಲ್ಲಿ ಯಾವ ಅಂಗಡಿ ಇತ್ತೆಂದು ಅತ್ತೆ ಹೇಳುವುದು, ಈಗ ಅಲ್ಲಿ ಏನಿದೆಯೆಂದು ನಿಖತ್ ಹೇಳುವುದು, ಹುಳಿ ಕುದಿಯುವವರೆಗೂ ನಡೆಯಿತು.

ಮಾವ ನನ್ನನ್ನು ಹಿತ್ತಿಲಿಗೆ ಕರೆದರು. ಅದು ಅವರ ಸೀಮೆ. ಗಾಜಿನ ಬಾಗಿಲೇ ಗಡಿ: ಒಳಗೆ ಅತ್ತೆಯ ಹುಳಿಯನ್ನ, ಹೊರಗೆ ಮಾವನ ಕಬ್ಬಿಣದ ಹೊಗೆಗೂಡು, ಅದರಲ್ಲಿ ಹಿಂದಿನ ದಿನದಿಂದ ಬೇಯುತ್ತಿರುವ ಮಾಂಸ. ನಾನು ಸೆಕೆಗೆ ಬಾಟಲಿ ತುಟಿಗಿಟ್ಟು ನೀರು ಕುಡಿದೆ. ಮಾವ ಹೌಹಾರಿದರು. “ಎಂಜಲು!” ಎಂದು ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು, ಬೇರೊಂದನ್ನು ಎತ್ತಿ, ತುಟಿಗೆ ತಾಗಿಸದೆ ಒಂದು ಗೇಣು ಮೇಲಿನಿಂದ ಹೇಗೆ ಸುರಿದುಕೊಳ್ಳಬೇಕೆಂದು ತೋರಿಸಿಕೊಟ್ಟರು. ಅರ್ಧ ಅವರ ಶರ್ಟಿಗೇ ಹೋಯಿತು. ಡಲ್ಲಾಸಿನಲ್ಲಿ ಇವೆಲ್ಲ ಕಲಿಸುವುದಿಲ್ಲ, ಅಲ್ಲಿಯವರು ಒರಟರು ಎಂದರು, ಮೀಸೆ ಒರೆಸಿಕೊಳ್ಳುತ್ತ.

ಆಗ ಹೊಗೆಗೂಡಿನ ಮೇಲೆ ತೂಗುಹಾಕಿದ ಹಲಗೆ ಕಂಡಿತು. ಮರದ ಮೇಲೆ ಕಾದ ಸಲಾಕೆಯಿಂದ ಸುಟ್ಟು ಬರೆದ ಅಕ್ಷರ: ‘ಮ್ಲೇಚ್ಛ’.

ಕೊಡೆಯಂತೆ ಅಗಲವಾದ ತಲೆಕಟ್ಟು, ಲಾಡಿನಂಥ ದುಂಡಗಿನ ಒತ್ತು. ಅದು ನನ್ನ ಅಕ್ಷರ. ಹತ್ತು ವರ್ಷದ ನನ್ನ ಅಕ್ಷರ.

“ಜಾನಕಿ ಆ ಕಾಗದವನ್ನು ನನಗೆ ಓದಿ ಹೇಳಿದಳು,” ಎಂದರು ಮಾವ. “ಇದರಲ್ಲಿ ನಾನು ಯಾವುದು ಅಂತ ಕೇಳಿದೆ. ತೋರಿಸಿದಳು. ಕಾರ್ಬನ್ ಇಟ್ಟು ನಕಲು ತೆಗೆದುಕೊಂಡೆ. ನನ್ನ ಜೀವನದಲ್ಲಿ ಅಷ್ಟು ಪುರಾತನವಾದ ಬಿರುದು ಬೇರೆ ಯಾರೂ ಕೊಟ್ಟಿಲ್ಲ.”

ನನಗೆ ನಗು ಬಂತು. ಬಂತೆಂದರೆ, ಹುಲ್ಲಿನ ಮೇಲೆ ಕೂತುಬಿಡಬೇಕಾಯಿತು. ಇರುವೆ, ಇರುವೆ ಎಂದು ಕೂಗಿಕೊಂಡು ಮಾವ ನನ್ನನ್ನು ಎಬ್ಬಿಸಿದರು. ಆ ಅಕ್ಷರ ಬರೆದವಳು ನಾನೇ ಎಂದಾಗ ಅವರು ಹಲಗೆಯನ್ನೂ ನನ್ನನ್ನೂ ಎರಡೆರಡು ಸಲ ನೋಡಿ, ಕೈ ಕುಲುಕಿ, ಬಹಳ ಅಂದವಾಗಿದೆ ಎಂದರು.

ಮಾವ ಸ್ನಾನ ಮಾಡಿಕೊಂಡು ಬಂದ ಮೇಲೆ ಊಟ. ಊಟದ ನಡುವೆ ಅತ್ತೆಗೆ ಫೋನಿನಲ್ಲಿ ಕೃಷ್ಣಮೃಗದ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು, ಎಡಗೈ ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು.

“ಎಲ್ಲಿ ಇದು?”

“ಜಾರ್ಜ್‌ಟೌನ್ ಹತ್ರ. ಇಲ್ಲಿಂದ ನಾಲ್ಕು ಗಂಟೆ ದಾರಿ.”

ಅತ್ತೆಯ ಭುಜ ಅಲುಗತೊಡಗಿತು. ನಗುತ್ತಿದ್ದಾರೆಂದು ತಿಳಿಯಲು ಒಂದು ಕ್ಷಣ ಹಿಡಿಯಿತು. ಥೇಟ್ ಅಜ್ಜನ ಹಾಗೆ, ಸದ್ದಿಲ್ಲದ ನಗು. “ಡೇಲ್, ನೋಡಿಲ್ಲಿ. ನಮ್ಮ ಮದುವೆ ಸರಿಯಾದ ದೇಶದಲ್ಲೇ ಆಗಿದೆ!”

“ಸಹಜವಾಗಿ ಓಡಾಡುತ್ತಿದೆಯೇ?” ಎಂದು ಮಾವ ವಿಚಾರಿಸಿದರು. ಕಾಗದ ಅವರಿಗೆ ಬಾಯಿಪಾಠವಾಗಿತ್ತು.

“ಬೇಲಿಯೊಳಗೆ, ಸಹಜವಾಗಿ,” ಎಂದಳು ನಿಖತ್. ಮೂವರೂ ಮತ್ತೆ ನಕ್ಕರು. ನಾನೂ ನಕ್ಕೆ. ಆದರೆ ಕಾಗದದ ಮಾತು ಬಂದ ಕೂಡಲೇ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ್ದೆ. ಅದು ಈಗ ಎಲ್ಲಿದೆ ಎಂದು ಕೇಳಿದೆ.

“ಮನೆಗೆ ನೀರು ನುಗ್ಗಿದ ವರ್ಷ ನೆನೆದುಹೋಯ್ತು,” ಎಂದರು ಅತ್ತೆ. “ಇವರು ಒಣಗಿಸ್ತೀನಿ ಅಂತ ಓವನ್ನಿನಲ್ಲಿಟ್ಟರು. ಮಾಂಸಕ್ಕೆ ಹದಿನಾಲ್ಕು ಗಂಟೆ ಕಾಯೋ ಮನುಷ್ಯ, ಕಾಗದಕ್ಕೆ ಹತ್ತು ನಿಮಿಷ ಕಾಯಲಿಲ್ಲ. ಉರಿ ಜಾಸ್ತಿ ಮಾಡಿ ಸುಟ್ಟು ಕೂತರು.” ಮಾವ ತಲೆ ತಗ್ಗಿಸಿದರು. ಅವರ ಕಿವಿ ಕೆಂಪಗಾದದ್ದು ನೋಡಿದರೆ ನಿನ್ನೆ ಮೊನ್ನೆ ಸುಟ್ಟ ಹಾಗಿತ್ತು.

ಇನ್ನು ಸಾಕ್ಷ್ಯವಿಲ್ಲ. ಉಳಿದದ್ದು ಓದಿದವರ ನೆನಪು ಮಾತ್ರ.

ಊಟವಾದ ಮೇಲೆ ಮಾವ ನಿಖತ್‌ಳನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಹೊಗೆಯ ಶಾಸ್ತ್ರ ವಿವರಿಸತೊಡಗಿದರು. ಅತ್ತೆ ಮುಲಾಮಿನ ಟ್ಯೂಬು ತಂದು, ನನ್ನೆದುರಿಗೆ ಮಣೆಯಂಥ ಕುಳ್ಳ ಸ್ಟೂಲಿನ ಮೇಲೆ ಕೂತು, ನನ್ನ ಬಲಗಾಲನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಹಿರಿಯರಿಗೆ ಅಕಸ್ಮಾತ್ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಂಡು ಬೆಳೆದವಳು ನಾನು. ಬೆಂಕಿ ಮುಟ್ಟಿದಂತೆ ಎಳೆದುಕೊಂಡೆ.

“ಬಿಡು ಅತ್ತೆ, ಕಾಲು!”

“ಸುಮ್ಮನಿರು. ನಾನು ಡಾಕ್ಟ್ರು.” ಬಿಗಿಯಾಗಿ ಹಿಡಿದು ಒಂದೊಂದೇ ಗುಳ್ಳೆಗೆ ಮುಲಾಮು ಹಚ್ಚತೊಡಗಿದರು. ತಣ್ಣಗಿತ್ತು. ಬಗ್ಗಿದ ಅವರ ನೆತ್ತಿಯಲ್ಲಿ ಬೈತಲೆ ನನ್ನ ಅಪ್ಪನದರ ಹಾಗೆ ಸ್ವಲ್ಪ ಎಡಕ್ಕೆ ವಾಲಿತ್ತು. ಮುಖ ಕಾಣದಿದ್ದುದೇ ಅನುಕೂಲವಾಯಿತು. ಎಲ್ಲ ಹೇಳಿದೆ. ಮೇಜು, ಏರೋಗ್ರಾಮ್, ಅಜ್ಜ ಎದ್ದು ಹೋದದ್ದು, ಬಾರದ ಎರಡು ದಸರೆಗಳು, ‘ಬರುವುದು ಬೇಡ’ ಎಂಬ ಕೊನೆಯ ಸಾಲು. ಅದು ಅಜ್ಜನ ಮಾತೋ ನನ್ನದೋ ಎಂದು ನನ್ನ ನೆನಪಿನಿಂದ ತೀರ್ಮಾನಿಸಲಾಗುತ್ತಿಲ್ಲ ಎಂದೂ ಹೇಳಿದೆ. ಅತ್ತೆ ತಲೆಯೆತ್ತಲಿಲ್ಲ, ಬೆರಳು ನಿಲ್ಲಿಸಲೂ ಇಲ್ಲ. ಕೊನೆಗೆ ಕೇಳಬೇಕಾದದ್ದನ್ನು ಕೇಳಿದೆ.

“ಆ ಕಾಲು ಕೊಡು,” ಎಂದರು ಅತ್ತೆ.

ಕೊಟ್ಟೆ. ಎಡಗಾಲಿಗೂ ಹಚ್ಚಿ ಮುಗಿಸಿದರು. ನಾನು ಊರಿಗೆ ಮರಳಿ ಮೂರು ತಿಂಗಳಾಗುತ್ತ ಬಂತು. ಈಗ ಪ್ರತಿ ಭಾನುವಾರ ಅವರೇ ಫೋನ್ ಮಾಡುತ್ತಾರೆ. ಗುಳ್ಳೆಯ ಕಲೆ ಹೋಯಿತೇ, ಗೊಂಬೆಗಳ ಪೆಟ್ಟಿಗೆ ಅಟ್ಟದ ಮೇಲೇ ಇದೆಯೇ, ಯಾರು ಸತ್ತರು, ಯಾರು ಹುಟ್ಟಿದರು, ಎಲ್ಲ ಕೇಳುತ್ತಾರೆ, ಎಲ್ಲ ಹೇಳುತ್ತಾರೆ. ಅಂದು ಮುಲಾಮಿನ ಕೈಯೊಳಗೆ ಕಾಲಿಟ್ಟುಕೊಂಡು ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಬಂದಿಲ್ಲ. ಕೇಳಿದ್ದಿಷ್ಟೇ:

“ನಿನ್ನಪ್ಪನ ಮಾತು ಹೇಗಿರುತ್ತೆ ಅಂತ ನನಗಿಂತ ನಿಂಗೆ ಚೆನ್ನಾಗಿ ಗೊತ್ತಿತ್ತಲ್ಲ ಅತ್ತೆ, ಆ ಕೊನೇ ಸಾಲನ್ನ ನೀನು ಯಾರ ಮಾತು ಅಂತ ಓದಿಕೊಂಡೆ?”